ಪ್ರಾಟೆಸ್ಟಂಟ ಪಂಥಗಳೂ ಪ್ರಸಾದಪಂಕ್ತಿಯೂ

 

ಕಳೆದ ಶ್ರಾವಣಮಾಸದ ಪ್ರವಚನದ ತರುವಾಯ ಭಕ್ತರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. “ದೇವರೊಬ್ಬನೇ, ಗ್ರಂಥವೊಂದೇ ಎಂದು ಸಾರುವ ಪ್ರಾಟೆಸ್ಟಂಟ ಕ್ರೈಸ್ತರಲ್ಲಿ ಇಷ್ಟೊಂದು ಸಭೆಗಳೇಕೆ? ಒಬ್ಬರ ಗುಡಿಗೆ ಮತ್ತೊಬ್ಬರು ಹೋಗುವದಿಲ್ಲವೇಕೆ?” ಅಂದು ನಾನು ಕೊಟ್ಟ ಉತ್ತರವು ಸಂಕ್ಷೇಪವಾಗಿತ್ತು. ಅದನ್ನು ವಿಸ್ತರಿಸಿ ಹೇಳಬೇಕೆಂದು ಶ್ರೀಗಳವರ ಅಪ್ಪಣೆಯಾದುದರಿಂದ ಇಂದು ತಮ್ಮ ಮುಂದೆ ನಿಂತಿರುವೆನು.

ಪರಮತವನ್ನು ವಿಮರ್ಶಿಸಲು ಹೊರಟವನು ಆ ಮತದವರಿಂದ ತನಗಾದ ಉಪಕಾರವನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಅವರಲ್ಲೊಬ್ಬರಾದ ಮೊಗ್ಲಿಂಗರು ನಮ್ಮ ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ತಮ್ಮ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದರು. 1853ರಲ್ಲಿ ಈ ನಾಡಿಗೆ ಬಂದ ಕಿಟ್ಟೆಲ್ಲರು ನಾಲ್ಕು ದಶಕ ದುಡಿದು 1894ರಲ್ಲಿ ಹೊರತಂದ ಶಬ್ದಕೋಶವು ಈ ಮಠದ ಪುಸ್ತಕಭಂಡಾರದಲ್ಲಿ ಇಂದಿಗೂ ದಿನಬಳಕೆಯಲ್ಲಿರುವದು. ಇಂಥವರ ಮತವನ್ನು ಕುರಿತು ಪರಿಹಾಸದ ಮಾತನ್ನಾಡುವದು ಕೃತಘ್ನತೆಯಾದೀತು. ಆದರೆ ವಿಚಾರವನ್ನು ಬಿಡುವದೂ ವಿದ್ಯೆಗೆ ಸಲ್ಲದು.

ಇನ್ನು ಪ್ರಕೃತಕ್ಕೆ ಬರೋಣ. 1517ರಲ್ಲಿ ಜರ್ಮನಿಯ ವಿಟ್ಟೆನ್‌ಬೆರ್ಗ್ ಎಂಬ ಊರಿನ ಸಂನ್ಯಾಸಿಯೂ ಅಧ್ಯಾಪಕನೂ ಆದ ಲೂಥರನು, ಹಣಕ್ಕೆ ಪಾಪವಿಮೋಚನೆಯ ಪತ್ರಗಳನ್ನು ಮಾರುವ ರೋಮಿನ ಪದ್ಧತಿಯನ್ನು ಖಂಡಿಸಿ 95 ವಾಕ್ಯಗಳನ್ನು ಪ್ರಕಟಿಸಿದನು. ಧರ್ಮವಿಷಯದಲ್ಲಿ ಪೋಪರ ಮಾತು ಪ್ರಮಾಣವಲ್ಲ, ಗ್ರಂಥವೇ ಪರಮಪ್ರಮಾಣ ಎಂಬುದು ಅವನ ನಿಲುವಾಗಿ ಬೆಳೆಯಿತು. 1529ರ ಏಪ್ರಿಲದಲ್ಲಿ ಸ್ಪೈಯರ್ ನಗರದ ರಾಜಸಭೆಯು ಈ ಸುಧಾರಣೆಯನ್ನು ತಡೆಯಲು ನಿರ್ಣಯಿಸಿದಾಗ ಕೆಲವು ಅರಸರೂ ನಗರಗಳವರೂ ಪ್ರತಿಭಟನಾಪತ್ರವನ್ನು ಸಲ್ಲಿಸಿದರು. ಪ್ರಾಟೆಸ್ಟಂಟ, ಅಂದರೆ ಪ್ರತಿಭಟಿಸುವವರು, ಎಂಬ ಹೆಸರು ಅಂದಿನಿಂದ ಬಂದಿತು. ಹೆಸರು ಬಂದು ಆರು ತಿಂಗಳು ತುಂಬುವಷ್ಟರಲ್ಲಿ ಅವರೊಳಗೇ ಒಡಕು ಸ್ಥಿರವಾಯಿತು.

ಆ ಒಡಕು ಹುಟ್ಟಿದ್ದು ಎಲ್ಲಿ ಬಲ್ಲಿರೋ? ಪ್ರಸಾದದ ಪಂಕ್ತಿಯಲ್ಲಿ. ಅದೇ ವರ್ಷದ ಅಕ್ಟೋಬರದಲ್ಲಿ ಹೆಸ್ಸೆಯ ಅರಸನಾದ ಫಿಲಿಪ್ಪನು ಲೂಥರನನ್ನೂ ಸ್ವಿಸ್ ದೇಶದ ಜೂರಿಕ್ಕಿನ ಝ್ವಿಂಗ್ಲಿಯನ್ನೂ ಮಾರ್ಬುರ್ಗಿನ ತನ್ನ ಕೋಟೆಗೆ ಕರೆಯಿಸಿ ಕೂಡಿಸಲೆತ್ನಿಸಿದನು. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಉಭಯರೂ ಒಪ್ಪಿದರು. ಉಳಿದದ್ದು ಒಂದೇ. ಕಡೆಯ ರಾತ್ರಿಯ ಊಟದಲ್ಲಿ ಯೇಸುವು ರೊಟ್ಟಿಯನ್ನು ಶಿಷ್ಯರಿಗೆ ಹಂಚುತ್ತ, ಅದು ತನ್ನ ದೇಹವೆಂದು ನುಡಿದನೆಂಬುದು ಅವರ ಗ್ರಂಥೋಕ್ತಿ. ಕನ್ನಡ ಕ್ರೈಸ್ತರು ಕರ್ತನ ರಾತ್ರಿಭೋಜನವೆಂದು ಕರೆಯುವ ಸಂಸ್ಕಾರಕ್ಕೆ ಇದೇ ಮೂಲ. ಆ ಮಾತಿನ ಅರ್ಥವೇನು? ಲೂಥರನು ಆ ವಾಕ್ಯವನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದು, ಇದರಿಂದ ಅಕ್ಷರವೂ ಕದಲುವದಿಲ್ಲವೆಂದು ಕುಳಿತನು. ಝ್ವಿಂಗ್ಲಿಯೂ ಅವನ ಸಂಗಡ ಬಂದಿದ್ದ ಬಾಸೆಲ್ ನಗರದ ಇಕೊಲಂಪಾಡಿಯಸನೂ, ರೊಟ್ಟಿಯು ದೇಹವನ್ನು ಸೂಚಿಸುವದೇ ಹೊರತು ದೇಹವಲ್ಲವೆಂದರು.

ನಮ್ಮ ಪಾಠಶಾಲೆಯ ಬಾಲಕನಿಗೂ ಈ ವಾದವು ಹೊಸದಲ್ಲ. ಗಂಗೆಯಲ್ಲಿ ಗೊಲ್ಲರ ಹಟ್ಟಿ ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲಲಾರದು. ಆದುದರಿಂದ ಮುಖ್ಯಾರ್ಥಕ್ಕೆ ಬಾಧೆಯುಂಟಾಗಿ ಗಂಗೆಯ ದಡವೆಂಬ ಲಕ್ಷ್ಯಾರ್ಥವನ್ನು ಹಿಡಿಯುವೆವು. ಝ್ವಿಂಗ್ಲಿಯು ಹೋದದ್ದು ಈ ಲಕ್ಷಣೆಯ ದಾರಿ. ಕ್ರಿಸ್ತನ ದೇಹವು ಪರಲೋಕದಲ್ಲಿರುವಾಗ ರೊಟ್ಟಿಯಲ್ಲಿ ಇರುವದೆಂತು ಎಂಬುದು ಅವನ ಬಾಧಕಯುಕ್ತಿ. ದೇವರ ವಾಕ್ಯಕ್ಕೆ ಮನುಷ್ಯನ ಯುಕ್ತಿಯಿಂದ ಬಾಧೆ ಎಲ್ಲಿಯದು ಎಂಬುದು ಲೂಥರನ ಸಮಾಧಾನ. ತರ್ಕದೃಷ್ಟಿಯಿಂದ ನಾನು ಇಬ್ಬರನ್ನೂ ದೂಷಿಸಲಾರೆನು. ಇಬ್ಬರೂ ಗ್ರಂಥವನ್ನು ಬಲ್ಲವರು, ಇಬ್ಬರೂ ಪ್ರಾಮಾಣಿಕರು. ಆದರೆ ಮಾತು ಮುಗಿದ ಬಳಿಕ ಝ್ವಿಂಗ್ಲಿಯು ಕಣ್ಣೀರಿಡುತ್ತ ಸಹೋದರಭಾವವನ್ನು ಬೇಡಿದಾಗ ಲೂಥರನು ಅದನ್ನು ಕೊಡಲಿಲ್ಲ. ವ್ಯಾಖ್ಯಾನಭೇದವು ಪಂಕ್ತಿಭೇದವಾಯಿತು. ನನ್ನ ಆಕ್ಷೇಪವೆಲ್ಲವೂ ಈ ಒಂದು ಸಂಗತಿಯ ಮೇಲಿರುವದು.

ದೀಕ್ಷಾಸ್ನಾನದ ವಿಷಯದಲ್ಲಿ ಇದಕ್ಕಿಂತ ಘೋರವಾದುದು ನಡೆಯಿತು. ಅರಿಯದ ಶಿಶುವಿಗೆ ಸಂಸ್ಕಾರವೇಕೆ, ಅರಿತು ನಂಬಿದವನಿಗೆ ಮಾತ್ರ ಸಲ್ಲತಕ್ಕದ್ದು ಎಂದ ಫೆಲಿಕ್ಸ್ ಮಾಂಜನನ್ನು 1527ರಲ್ಲಿ ಜೂರಿಕ್ಕಿನ ಪ್ರಾಟೆಸ್ಟಂಟ ಅಧಿಕಾರಿಗಳೇ ಹೊಳೆಯಲ್ಲಿ ಮುಳುಗಿಸಿ ಕೊಲ್ಲಿಸಿದರು. ನಮ್ಮಲ್ಲಿ ಗರ್ಭದಲ್ಲಿರುವ ಶಿಶುವಿಗೂ ಲಿಂಗಸಂಬಂಧವುಂಟು, ತಿಳಿವಳಿಕೆ ಬಂದ ಬಳಿಕ ಗುರುವಿನಿಂದ ದೀಕ್ಷೆಯೂ ಉಂಟು. ಎರಡಕ್ಕೂ ಎಡೆಯಿರುವ ಮನೆಯಲ್ಲಿ ಬೆಳೆದ ನಮಗೆ ಒಂದಕ್ಕಾಗಿ ಮತ್ತೊಂದನ್ನು ಮುಳುಗಿಸುವದು ಅರ್ಥವಾಗಲಾರದು. (ದೀಕ್ಷಾಸ್ನಾನವೆಂಬ ಶಬ್ದದಲ್ಲಿ ದೀಕ್ಷೆಯು ಈ ನೆಲದ್ದು, ಸ್ನಾನವು ಅವರ ವಿಧಿಯದು. ಕನ್ನಡದಲ್ಲಿ ಬೋಧಿಸಹೊರಟವರಿಗೆ ನಮ್ಮ ಮಠಗಳ ನುಡಿಯಿಲ್ಲದೆ ಗತ್ಯಂತರವಿರಲಿಲ್ಲ.)

ಒಡೆದುದನ್ನು ಕೂಡಿಸುವ ಯತ್ನಗಳೂ ನಡೆದವು. 1817ರಲ್ಲಿ ಪ್ರಶಿಯದ ಅರಸನು ಲೂಥರನ ಕಡೆಯವರನ್ನೂ ಸ್ವಿಸ್ ಸುಧಾರಕರ ಕಡೆಯವರನ್ನೂ ಒಂದು ಸಭೆಯಾಗಿಸಲು ಆಜ್ಞೆಯಿತ್ತನು. ಒಪ್ಪದ ಲೂಥರೀಯರು ಬೇರೆ ನಿಂತರು. ಅವರಲ್ಲಿ ಅನೇಕರು ಅಮೇರಿಕ, ಆಸ್ಟ್ರೇಲಿಯಗಳಿಗೆ ವಲಸೆ ಹೋದರು. ಎರಡನ್ನು ಒಂದು ಮಾಡಹೋಗಿ ಮೂರಾಯಿತು! ಇದಕ್ಕೆ ಎರಡು ವರ್ಷ ಮುಂಚೆ, 1815ರಲ್ಲಿ, ಇಕೊಲಂಪಾಡಿಯಸನ ಬಾಸೆಲಿನಲ್ಲಿಯೇ ಹುಟ್ಟಿದ ಮಿಶನ್ನು ಮಾತ್ರ ರಾಜಾಜ್ಞೆಯಿಲ್ಲದೆ ಉಭಯಪಕ್ಷದವರನ್ನೂ ಸೇರಿಸಿಕೊಂಡಿತು. ಧಾರವಾಡಕ್ಕೆ ಬಂದವರು ಇವರು. ಮಾರ್ಬುರ್ಗಿನ ಜಗಳವನ್ನು ಇವರು ನಮ್ಮ ಸೀಮೆಗೆ ತರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು.

ಆದರೂ ಕನ್ನಡನಾಡನ್ನು ಮಿಶನ್ನುಗಳು ಜಹಗೀರಿನಂತೆ ಹಂಚಿಕೊಂಡವು. ಧಾರವಾಡದ ಸೀಮೆ ಬಾಸೆಲಿನವರದು. ಬಳ್ಳಾರಿಯು 1810ರಿಂದ ಲಂಡನ್ ಮಿಶನ್ನಿನದು. ಬೆಳಗಾವಿಯು 1820ರಿಂದ ಅದೇ ಲಂಡನ್ನಿನವರದಾಗಿದ್ದು 1904ರಲ್ಲಿ ಅಮೇರಿಕದ ಮೆಥೊಡಿಸ್ಟರ ಕೈಸೇರಿತು. ಮೈಸೂರು ಸೀಮೆ ಇಂಗ್ಲಂಡಿನ ವೆಸ್ಲಿಯನ್ನರದು. ಹೀಗಾಗಿ ಕನ್ನಡಿಗನೊಬ್ಬನು ಯಾವ ಪಂಥದ ಕ್ರೈಸ್ತನಾಗುವನೆಂಬುದು ಅವನ ಶ್ರದ್ಧೆಯಿಂದಲ್ಲ, ಅವನ ಊರು ಯಾವ ಹಳ್ಳದ ಈಚೆಗಿದೆ, ಯಾವುದರ ಆಚೆಗಿದೆ ಎಂಬುದರಿಂದ ನಿಶ್ಚಯವಾಗುತ್ತಿದ್ದಿತು. ಬೆಳಗಾವಿಯ ಸಭೆಯವನಿಗೆ 1904ರಲ್ಲಿ ಪಂಥ ಬದಲಾದದ್ದು ಅವನು ಬೇರೇನನ್ನೋ ನಂಬತೊಡಗಿದ್ದರಿಂದಲ್ಲ. ಎರಡು ಪರದೇಶದ ಸಂಸ್ಥೆಗಳು ಕೊಡುಕೊಳೆ ಮಾಡಿಕೊಂಡದ್ದರಿಂದ.

ತಮಿಳುನಾಡಿನ ಒಂದು ಪ್ರಸಂಗವನ್ನೂ ಹೇಳುವೆನು, ಏಕೆಂದರೆ ಅದು ನಮ್ಮ ಮನೆಬಾಗಿಲಿಗೇ ಬರುವಂಥದು. 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ನನು ಸಭೆಯೊಳಗೆ ಜಾತಿಭೇದವು ಕೂಡದೆಂದು ಕಟ್ಟಪ್ಪಣೆ ಮಾಡಿದನು. ಕೀಳೆಂದು ತಾವೆಣಿಸಿದವರ ಸಂಗಡ ಒಂದೇ ಬಟ್ಟಲಿನಿಂದ ಪ್ರಸಾದಪಾನ ಮಾಡಲೊಲ್ಲದ ತಂಜಾವೂರು ಮೊದಲಾದ ಕಡೆಯ ವೆಳ್ಳಾಳ ಕ್ರೈಸ್ತರು ಬಹುಮಂದಿ ಸಭೆಯನ್ನೇ ತೊರೆದರು. ಮುಂದೆ, ಜಾತಿಯ ವಿಷಯದಲ್ಲಿ ಮೃದುವಾಗಿದ್ದ ಲೈಪ್‌ಜಿಗ್ ಲೂಥರನ್ ಮಿಶನ್ನು ಅವರಲ್ಲಿ ಅನೇಕರಿಗೆ ಆಶ್ರಯವಾಯಿತು. ಇಲ್ಲಿ ಗ್ರಂಥದ ಯಾವ ವಾಕ್ಯಕ್ಕೂ ಲಕ್ಷಣೆ ಹೇಳಬೇಕಾಗಿರಲಿಲ್ಲ. ಪಂಥಭೇದವೆಂಬುದು ಜಾತಿಭೇದಕ್ಕೆ ಹೊದಿಸಿದ ವಸ್ತ್ರವಾಯಿತು, ಅಷ್ಟೇ.

ಈಗ ತಾವು ಕೇಳಬಹುದು: ನಮ್ಮ ಶರಣರೂ ಹನ್ನೆರಡನೆಯ ಶತಮಾನದಲ್ಲಿ ಪುರೋಹಿತನನ್ನು ನಡುವಿನಿಂದ ತೆಗೆದು ಪ್ರತಿಭಟಿಸಿದವರಲ್ಲವೇ? ಅಹುದು. ಹಾಗಾದರೆ ನಮಗೂ ಅವರಿಗೂ ಭೇದವೇನು? ಒಂದು ಉದಾಹರಣೆ ಕೊಡುವೆನು. ಶೂನ್ಯಸಂಪಾದನೆಯು ನಾಲ್ವರು ಸಂಪಾದಕರಿಂದ ನಾಲ್ಕು ರೂಪವಾಗಿ ಬಂದಿದೆ. ಶಿವಗಣಪ್ರಸಾದಿ ಮಹಾದೇವಯ್ಯನ ಮೊದಲ ಸಂಪಾದನೆಯಲ್ಲಿ ಸಿದ್ಧರಾಮೇಶ್ವರರ ಇಷ್ಟಲಿಂಗದೀಕ್ಷೆಯ ಪ್ರಸಂಗವಿಲ್ಲ. ಅನಂತರದ ಹಲಗೆಯಾರ್ಯನು ಅದನ್ನು ಸೇರಿಸಿದನು. ಇದು ಸಾಮಾನ್ಯ ವಿಷಯವಲ್ಲ. ಇಷ್ಟಲಿಂಗವಿಲ್ಲದೆ ಐಕ್ಯವುಂಟೇ ಎಂಬ ಮೂಲಪ್ರಶ್ನೆಯೇ ಅದರಲ್ಲಿ ಅಡಗಿದೆ. ಆದರೂ ಮಹಾದೇವಯ್ಯನ ಪಂಥ, ಹಲಗೆಯಾರ್ಯನ ಪಂಥ ಎಂದು ಎರಡು ಪಂಕ್ತಿಗಳಾಗಲಿಲ್ಲ. ನಾಲ್ಕು ಗ್ರಂಥಗಳಿಗೂ ಮಠಗಳಲ್ಲಿ ಒಂದೇ ಮನ್ನಣೆ.

ಇಷ್ಟು ಹೇಳಿ ಹೆಮ್ಮೆಯಿಂದ ಕುಳ್ಳಿರಬಹುದಾಗಿದ್ದಿತು. ಆದರೆ ಸತ್ಯವು ಅಷ್ಟಕ್ಕೇ ನಿಲ್ಲದು. ನಮ್ಮಲ್ಲಿ ವ್ಯಾಖ್ಯಾನಕ್ಕಾಗಿ ಪಂಕ್ತಿ ಒಡೆಯಲಿಲ್ಲ, ಒಳಪಂಗಡಕ್ಕಾಗಿ ಒಡೆಯಿತು. ಲೂಥರನು ತನ್ನ ಅಂತಃಕರಣಕ್ಕೆ ಸತ್ಯವೆಂದು ತೋರಿದ ಒಂದು ವಾಕ್ಯಾರ್ಥಕ್ಕಾಗಿ ಕೈ ಹಿಂದೆಗೆದನು. ನಾವು ಕೊರಳಲ್ಲಿ ಒಂದೇ ಲಿಂಗವನ್ನು ಧರಿಸಿದವರ ಮನೆತನವನ್ನು ವಿಚಾರಿಸಿ ಎಡೆಯನ್ನು ದೂರ ಸರಿಸಿದೆವು. ನಾನು ವಿದ್ಯಾರ್ಥಿಯಾಗಿದ್ದಾಗ ಉಂಡ ಒಂದು ಮಠದಲ್ಲಿ ಜಂಗಮವಟುಗಳ ಪಂಕ್ತಿ ಬೇರೆ, ಉಳಿದ ಮಕ್ಕಳದು ಬೇರೆ. ಪದಾರ್ಥಗಳು ಒಂದೇ ಒಲೆಯವು. ತಂಜಾವೂರಿನ ಬಟ್ಟಲಿಗೂ ಆ ಎಲೆಗೂ ಅಂತರವೆಷ್ಟೆಂದು ತಾವೇ ಅಳೆಯಿರಿ.

ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು 1904ರಲ್ಲಿ ಈ ಧಾರವಾಡದಲ್ಲಿಯೇ ಮಹಾಸಭೆಯನ್ನು ಕೂಡಿಸಿದರು. ಶಿರಸಂಗಿ ಲಿಂಗರಾಜ ದೇಸಾಯರು ಅದರ ಅಧ್ಯಕ್ಷರಾಗಿದ್ದರು. ಒಳಪಂಗಡಗಳನ್ನು ಒಂದೆಡೆ ತರುವದು ಆ ಮಹನೀಯರ ಬಯಕೆಯಾಗಿದ್ದಿತು. ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳವರ ಪ್ರಸಾದನಿಲಯದಂಥವು ಮಾಡಿದ ಕೆಲಸವು ನೂರು ನಿರ್ಣಯಗಳಿಗಿಂತ ದೊಡ್ಡದು. ಅಷ್ಟಾದರೂ 2017-18ರಲ್ಲಿ ವೀರಶೈವ, ಲಿಂಗಾಯತವೆಂಬ ಹೆಸರುಗಳ ವಿಷಯವಾಗಿ ನಮ್ಮವರು ಮೈದಾನಗಳಲ್ಲಿ ಪರಸ್ಪರ ಆಡಿದ ಮಾತುಗಳನ್ನು ತಾವೆಲ್ಲರೂ ಕೇಳಿರುವಿರಿ. ಆ ವಾದದ ನ್ಯಾಯಾನ್ಯಾಯವನ್ನು ತೂಗುವದು ಇಂದಿನ ನನ್ನ ವಿಷಯವಲ್ಲ. ಆದರೆ ಆ ದಿನಗಳಲ್ಲಿ ಮದುವೆಯ ಪಂಕ್ತಿಯಿಂದ ಎದ್ದು ಹೋದವರನ್ನು ನಾನು ಕಣ್ಣಾರೆ ಕಂಡಿರುವೆನು.

ಇನ್ನು ಆ ಕ್ರೈಸ್ತರು ಮಾಡಿದ್ದೇನೆಂಬುದನ್ನು ಹೇಳಿ ಮುಗಿಸುವೆನು. 1919ರಲ್ಲಿ ತರಂಗಂಬಾಡಿಯಲ್ಲಿ ಹೆಚ್ಚಾಗಿ ಈ ದೇಶದವರೇ ಆದ ಸಭಾಸೇವಕರು, ದೋರ್ನಕಲ್ಲಿನ ಬಿಷಪ್ ಅಜರಾಯರ ಮುಂದಾಳುತನದಲ್ಲಿ ಕೂಡಿ, ಈ ಪಂಥಭೇದಗಳು ತಾವು ಮಾಡಿದವಲ್ಲ, ಹೊರಗಿನಿಂದ ತಮ್ಮ ಮೇಲೆ ಬಿದ್ದವು ಎಂದು ಸಾರಿದರು. ಅಲ್ಲಿಂದ ಇಪ್ಪತ್ತೆಂಟು ವರ್ಷ ಮಾತುಕತೆ ನಡೆದು 1947ರ ಸಪ್ಟಂಬರ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಉದಯಿಸಿತು. ಬಿಷಪ್ಪರುಳ್ಳ ಆಂಗ್ಲಿಕನ್ನರೂ, ಬಿಷಪ್ಪರನ್ನೊಪ್ಪದೆ ಬಂದವರೂ ಒಂದಾದರು. ಎಲ್ಲರೂ ಬರಲಿಲ್ಲ. ಬಾಪ್ಟಿಸ್ಟರು, ಅಮೇರಿಕದ ಮೆಥೊಡಿಸ್ಟರು, ಬಹುಪಾಲು ಲೂಥರನ್ನರು ಹೊರಗುಳಿದರು. ನಂದ್ಯಾಲದ ಆಂಗ್ಲಿಕನ್ನರು ಹಲವು ವರ್ಷ ಒಪ್ಪಲಿಲ್ಲ. ನಮ್ಮ ಧಾರವಾಡದ ಬಾಸೆಲ್ ಸಭೆಗಳೂ ಆಗಲೇ ಕೂಡಲಿಲ್ಲ. ಮುಂದೆ ಕೂಡುವ ವಿಷಯದಲ್ಲಿ ಅವರೊಳಗೆ ವ್ಯಾಜ್ಯವೆದ್ದು ನ್ಯಾಯಾಲಯದ ಮೆಟ್ಟಿಲೇರಿತು. 1970ರಲ್ಲಿ ಧಾರವಾಡವು ಆ ಸಭೆಯ ಉತ್ತರ ಕರ್ನಾಟಕ ಪ್ರಾಂತಕ್ಕೆ ಕೇಂದ್ರವಾಯಿತು.

ಆ ಒಪ್ಪಂದದಲ್ಲಿ ನನ್ನ ಮನಸ್ಸನ್ನು ಸೆಳೆದ ಏರ್ಪಾಡು ಒಂದುಂಟು. ಬಿಷಪ್ಪರ ಹಸ್ತದಿಂದ ದೀಕ್ಷೆ ಪಡೆಯದ ಹಳೆಯ ಸಭಾಪಾಲಕರ ಗತಿಯೇನು ಎಂಬ ಪ್ರಶ್ನೆ ಬಂದಾಗ, ಅವರಿಗೆ ಮರಳಿ ದೀಕ್ಷೆ ಕೊಡತಕ್ಕದ್ದಲ್ಲವೆಂದು ನಿರ್ಣಯಿಸಿದರು. ಮುಂದಿನವರಿಗೆಲ್ಲ ಬಿಷಪ್ಪರೇ ದೀಕ್ಷೆ ಕೊಡುವದು, ಹಳಬರು ಹಳೆಯ ದೀಕ್ಷೆಯಲ್ಲಿಯೇ ಸೇವೆ ಸಲ್ಲಿಸುವದು, ಯಾವ ಸಭೆಯ ಮೇಲೂ ಒಲ್ಲದವರನ್ನು ಹೇರದಿರುವದು, ಮೂವತ್ತು ವರ್ಷಗಳ ಬಳಿಕ ಮತ್ತೆ ವಿಚಾರಿಸುವದು. ಒಬ್ಬರ ದೀಕ್ಷೆಯನ್ನೂ ಸುಳ್ಳೆನ್ನದೆ ಕಾಲಕ್ಕೆ ಒಪ್ಪಿಸಿದರು. ವಿರಕ್ತರು ಕೊಟ್ಟ ದೀಕ್ಷೆ ಸಲ್ಲುವದೋ, ಪಟ್ಟದವರು ಕೊಟ್ಟದ್ದೇ ಸಲ್ಲತಕ್ಕದ್ದೋ ಎಂಬ ವಾದವು ನಮ್ಮ ಊರುಗಳಲ್ಲಿ ಇನ್ನೂ ಮುಗಿದಿಲ್ಲ. ಇದಕ್ಕಾಗಿ ಉಭಯಪಕ್ಷದ ಹಿರಿಯರು ಒಂದೆಡೆ ಕುಳಿತು ಇಂಥ ಏರ್ಪಾಡನ್ನು ಆಲೋಚಿಸಬೇಕೆಂದು ಶ್ರೀಗಳವರ ಪಾದಗಳಲ್ಲಿ ಅರಿಕೆ ಮಾಡಿಕೊಳ್ಳುವೆನು.