ಪ್ರೊಸೆಸರ್ ಒಂದೇ, ವೇಗ ಮಾತ್ರ ಬೇರೆ

ಕಳೆದ ವಾರದ ಮಾತನ್ನು ಬರೆದು ಕೊಡಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದಿರಿ. ಇಗೋ, ಇಲ್ಲಿದೆ.

ಚೆಂಬೂರಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಮದುವೆ, ಯಕ್ಷಗಾನಗಳ ವಿಡಿಯೋ ಎಡಿಟ್ ಮಾಡಿ ತನ್ನ ಕಾಲೇಜಿನ ಫೀಸು ತಾನೇ ಕಟ್ಟುತ್ತಾಳೆ. ಒಂದು ಗುರುವಾರ ರಾತ್ರಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು.

"ಅಕ್ಕಾ, ನಿಮ್ಮದ್ರಲ್ಲೂ ಇದೇ ಪ್ರೊಸೆಸರ್ ಅಲ್ವಾ? ನನ್ನದು ಮಾತ್ರ ಯಾಕೆ ಹೀಗೆ ತೆವಳ್ತದೆ? ಅಂಗಡಿಯವ್ರು ಪ್ರೊಸೆಸರ್ ಹೋಗಿದೆ, ಬೋರ್ಡೇ ಬದಲಿಸ್ಬೇಕು, 18,000 ಆಗ್ತದೆ ಅಂತಾರೆ."

ಶನಿವಾರ ಮದುವೆಯ ವಿಡಿಯೋ ಕೊಡಬೇಕಿತ್ತು. ಅವಳ ಅಪ್ಪ ಹೋಟೆಲಿನಲ್ಲಿ ಕೆಲಸದಲ್ಲಿದ್ದಾರೆ. 18,000 ಎಂದರೆ ಆ ಮನೆಯಲ್ಲಿ ಸಣ್ಣ ಮಾತಲ್ಲ.

ಎರಡರಲ್ಲೂ ಇಂಟೆಲ್ ಕೋರ್ ಐ5-1135ಜಿ7. ಲ್ಯಾಪ್‌ಟಾಪ್ ಕಂಪನಿ ಮಾತ್ರ ಬೇರೆ ಬೇರೆ. ಬೈಯುವ ಮೊದಲು ಅಳೆಯೋಣ ಎಂದೆ. ಒಂದೇ ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ಎರಡಕ್ಕೂ ಹಾಕಿ, ಒಂದೇ ಸಾಫ್ಟ್‌ವೇರಿನಲ್ಲಿ, ಎರಡಕ್ಕೂ ಚಾರ್ಜರ್ ಸಿಕ್ಕಿಸಿ, ಪವರ್ ಮೋಡ್ ಎರಡರಲ್ಲೂ ಒಂದೇ ಇಟ್ಟು ಎಕ್ಸ್‌ಪೋರ್ಟ್ ಕೊಟ್ಟೆವು. ನನ್ನದು 11 ನಿಮಿಷ, ಅವಳದು 29. ಅವಳದು ಇದ್ದದ್ದು ನಮ್ಮ ಹಾಸಿಗೆಯ ಮೇಲೆ, ಅವಳ ಅಭ್ಯಾಸದಂತೆ. ಮೇಜಿಗೆ ತಂದಿಟ್ಟು ಮತ್ತೆ ಕೊಟ್ಟಾಗ 24. ಗಾಳಿ ಎಳೆಯುವ ಕಿಂಡಿಗಳು ಕೆಳಗಿರುತ್ತವೆ, ಹಾಸಿಗೆ ಅವನ್ನು ಮುಚ್ಚಿಬಿಡುತ್ತದೆ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡುತ್ತ ಕುಳಿತೆವು. ನೀವೂ ನೋಡಬಹುದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಸಾಕು. ಶುರುವಿನಲ್ಲಿ ಎರಡೂ 3.8 ಗಿಗಾಹರ್ಟ್ಜ್ ಆಸುಪಾಸು. ಎರಡು ನಿಮಿಷ ಕಳೆಯುವಷ್ಟರಲ್ಲಿ ಅವಳದು 1.2ಕ್ಕೆ ಕುಸಿದು ಅಲ್ಲೇ ನಿಂತಿತು. ಹಾಳಾದ ಪ್ರೊಸೆಸರ್ ಹೀಗೆ ಚೆನ್ನಾಗಿ ಓಡಿ ಆಮೇಲೆ ಸುಸ್ತಾಗುವುದಿಲ್ಲ. ಇದು ಬಿಸಿಯ ಲಕ್ಷಣ. ಈ ಚಿಪ್‌ಗೆ 100 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದರೆ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಸ್ವಿಚ್ ಆಫ್ ಮಾಡಿ ಹಿಂಬದಿ ಬಿಚ್ಚಿದರೆ, ಫ್ಯಾನಿಗೂ ತಾಮ್ರದ ಕೊಳವೆಯ ತುದಿಗೂ ನಡುವೆ ಕಂಬಳಿಯ ತುಂಡಿನಂಥ ಧೂಳು! ಒಂದು ಕಡೆ ರಿಫೈನರಿ, ಇನ್ನೊಂದು ಕಡೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ ಕೆಲಸ. ಚೆಂಬೂರನ್ನು ಸುಮ್ಮನೆ ಗ್ಯಾಸ್ ಚೇಂಬರ್ ಅಂದರೇ? ಫ್ಯಾನ್ ತಿರುಗದಂತೆ ಕಡ್ಡಿಯಿಂದ ಹಿಡಿದು ಮೆತ್ತನೆ ಬ್ರಷ್‌ನಿಂದ ತೆಗೆದೆವು. (ಬಿಚ್ಚಲು ಕೈ ನಡುಗುವವರು ದಯವಿಟ್ಟು ತಿಳಿದವರಿಗೇ ಕೊಡಿ. ವಾರಂಟಿ ಇದ್ದರಂತೂ ಮುಟ್ಟಬೇಡಿ.) ಮತ್ತೆ ಎಕ್ಸ್‌ಪೋರ್ಟ್: 14 ನಿಮಿಷ.

"ಇನ್ನೂ ಮೂರು ನಿಮಿಷ ಎಲ್ಲಿ ಹೋಯ್ತಕ್ಕಾ?"

ಒಳ್ಳೆಯ ಪ್ರಶ್ನೆ. ಇದೇ ಚಿಪ್‌ಗೆ 12ರಿಂದ 28 ವಾಟ್‌ವರೆಗೆ ವಿದ್ಯುತ್ ನಿಗದಿ ಮಾಡುವ ಸ್ವಾತಂತ್ರ್ಯವನ್ನು ಇಂಟೆಲ್ ಲ್ಯಾಪ್‌ಟಾಪ್ ಮಾಡುವವರಿಗೆ ಬಿಟ್ಟಿದೆ. 28 ವಾಟ್‌ನಲ್ಲಿ ಮೂಲ ವೇಗ 2.4 ಗಿಗಾಹರ್ಟ್ಜ್, 12ರಲ್ಲಿ ಬರೀ 0.9. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಹಾಕುವ 4.2 ಸ್ವಲ್ಪ ಹೊತ್ತಿನ ಓಟದ ಲೆಕ್ಕ. ಅವಳದು ತೆಳ್ಳಗಿನ, ಹಗುರ ಲ್ಯಾಪ್‌ಟಾಪ್; ನನ್ನದು ಇಟ್ಟಿಗೆ. ಅಷ್ಟು ವ್ಯತ್ಯಾಸ ರಿಪೇರಿಯಿಂದ ಹೋಗುವಂಥದ್ದಲ್ಲ, ಕೊಳ್ಳುವಾಗಲೇ ಕೇಳಿಕೊಳ್ಳಬೇಕಾದ್ದು. ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ಅದು ನನ್ನ ತಕರಾರು.

ಹೊಂದಿಕೆಯಿಲ್ಲದ ವೇಗ ದೊಡ್ಡ ಯಂತ್ರಗಳಿಗೂ ತಲೆನೋವೇ. ನಮ್ಮ ಬೆನ್ನಿಗೇ ಇರುವ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ 1990ರ ದಶಕದ ಆರಂಭದಲ್ಲಿ ಹಲವು ಪ್ರೊಸೆಸರ್ ಜೋಡಿಸಿ 'ಅನುಪಮ್' ಎಂಬ ಸೂಪರ್‌ಕಂಪ್ಯೂಟರ್ ಕಟ್ಟಿದರು. ಅಂಥ ಜೋಡಣೆಯಲ್ಲಿ ಒಂದು ಹಿಂದೆ ಬಿದ್ದರೆ ಉಳಿದವು ಅದಕ್ಕಾಗಿ ಕಾಯುತ್ತವೆ, ಭಜನೆಯಲ್ಲಿ ಒಬ್ಬರು ತಾಳ ಎಳೆದ ಹಾಗೆ.

ನಿಮ್ಮ ಮನೆಯಲ್ಲೂ ಹೀಗಾದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಪ್ರತಿಸಲ ನಿಮಿಷ ಬರೆದಿಟ್ಟುಕೊಳ್ಳಿ. ಧೂಳು ತೆಗೆದ ಮೇಲೂ ವೇಗ ಕುಸಿಯುತ್ತಿದ್ದರೆ ಚಿಪ್‌ನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಹೊಸದಾಗಿ ಹಾಕಿಸಬಹುದು.

ವಿಡಿಯೋ ಶುಕ್ರವಾರ ರಾತ್ರಿಯೇ ಮುಗಿಯಿತು. ಹುಡುಗಿ ಈಗ ಹಾಸಿಗೆ ಬಿಟ್ಟು ಇಸ್ತ್ರಿ ಮೇಜಿನ ಮೇಲೆ ಕೆಲಸ ಮಾಡುತ್ತಾಳೆ. ಅವರಮ್ಮನಿಗೆ ಇಸ್ತ್ರಿ ಮಾಡಲು ಜಾಗವಿಲ್ಲ ಎಂಬುದು ಹೊಸ ದೂರು.