ಉಮೇದುವಾರನ ಶೀಲವೂ ಪತ್ರಿಕೆಗಳ ಧರ್ಮವೂ



ಚುನಾವಣೆಗೆ ನಿಂತವನ ಮೇಲೆ ಅಪವಾದ ಬಂದಾಗ ಪತ್ರಿಕೆಯು ಹೇಗೆ ನಡೆಯತಕ್ಕದ್ದೆಂದು ವಿಚಾರಿಸುವವರು 1884ನೆಯ ಇಸವಿಯ ಅಮೇರಿಕೆಯತ್ತ ನೋಡಬೇಕು. ಆ ವರ್ಷದ ಜುಲೈ 21ರಂದು ಬಫಲೋ ನಗರದ ‘ಈವನಿಂಗ್ ಟೆಲಿಗ್ರಾಫ್’ ಪತ್ರವು, ಅಧ್ಯಕ್ಷಪದವಿಯ ಉಮೇದುವಾರ ಗ್ರೋವರ್ ಕ್ಲೀವ್‌ಲೆಂಡನು ಮರಿಯಾ ಹಾಲ್ಪಿನ್ ಎಂಬ ವಿಧವೆಯಲ್ಲಿ ಮಗುವನ್ನು ಪಡೆದನೆಂದೂ, ಬಳಿಕ ಆಕೆಯನ್ನು ಹುಚ್ಚರ ಆಸ್ಪತ್ರೆಗೆ ನೂಕಿಸಿದನೆಂದೂ ಪ್ರಕಟಿಸಿತು. ದಿಕ್ಕುಗೆಟ್ಟ ಮಿತ್ರರಿಗೆ, ನಿಜವನ್ನೇ ಹೇಳಿರೆಂದು ಅವನು ತಂತಿ ಕಳುಹಿಸಿದನು. ಅನುಕೂಲ ಪತ್ರಿಕೆಗಳು ಆ ಒಂದು ತಂತಿಯನ್ನು ಹಿಡಿದು ಅವನನ್ನು ಹರಿಶ್ಚಂದ್ರನ ಪಂಕ್ತಿಯಲ್ಲಿ ಕುಳ್ಳಿರಿಸಿದವು! ಪ್ರತಿಕೂಲವಾದ ‘ಜಡ್ಜ್’ ಪತ್ರಿಕೆಯು ಅಳುವ ಕೂಸಿನ ವ್ಯಂಗ್ಯಚಿತ್ರ ಹಾಕಿ ನಕ್ಕಿತು. ಎದುರಾಳಿ ಬ್ಲೇನನ ಮೇಲೆಯೂ ರೈಲ್ವೆ ಕಂಪನಿಗಳಿಂದ ಅಕ್ರಮಲಾಭ ಪಡೆದ ಅಪವಾದವಿತ್ತು. ಸುಟ್ಟುಬಿಡೆಂದು ಅವನೇ ಬರೆದಿದ್ದ ಕಾಗದವು ಅಚ್ಚಾಯಿತು. ಸಂಪಾದಕರು ಎರಡು ಕಳಂಕಗಳನ್ನೂ ತಕ್ಕಡಿಗೆ ಹಾಕಿ ತೂಗುತ್ತ ಕುಳಿತರು.

ಸುದ್ದಿಯನ್ನು ಹೊರಹಾಕಿದ್ದು ತಪ್ಪೆಂದು ನಾನು ಹೇಳಲಾರೆ. ಅದು ಮತದಾರನಿಗೆ ತಿಳಿಯತಕ್ಕದ್ದೇ. ಆದರೆ ಆ ಹೆಂಗಸಿನ ಮಾತನ್ನು ಕೇಳಿದವರಾರು? ಅಕ್ಟೋಬರ್ ಕೊನೆಗೆ, ಮತದಾನವು ಬಾಗಿಲಿಗೆ ಬಂದಾಗ, ತನ್ನ ಮೇಲೆ ಬಲಾತ್ಕಾರ ನಡೆಯಿತೆಂಬ ಪ್ರಮಾಣಪತ್ರವೊಂದು ಆಕೆಯ ಹೆಸರಿನಲ್ಲಿ ಪ್ರಕಟವಾಯಿತು. ಅದರ ಸತ್ಯಾಸತ್ಯವನ್ನು ಶೋಧಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಒಂದು ಪಕ್ಷಕ್ಕೆ ಆಕೆ ಆಯುಧ. ಮತ್ತೊಂದಕ್ಕೆ ಕುಡುಕಿ, ನಡತೆಗೆಟ್ಟವಳು. ನ್ಯೂಯಾರ್ಕ್ ಸಂಸ್ಥಾನದಲ್ಲಿ ಸುಮಾರು 1,100 ಮತಗಳ ಅಂತರದಿಂದ ಮುಂದಾದ ಕ್ಲೀವ್‌ಲೆಂಡನು ಅಧ್ಯಕ್ಷನಾದನು. 1892ರಲ್ಲಿ ಮತ್ತೊಮ್ಮೆ ಆರಿಸಿಬಂದನು. ಮರಿಯಾ ಹಾಲ್ಪಿನ್ನಳನ್ನು ಎರಡೂ ಪಕ್ಷದ ಪತ್ರಿಕೆಗಳು ಮರೆತವು.