ಸಾಗರದ ಮತಪೆಟ್ಟಿಗೆಯ ಲೆಕ್ಕ

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆ ಬಂತೆಂದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಸಲ ಗೆಲ್ಲುವವರು ಯಾರು? ಅವರು ಗೆದ್ದದ್ದರಿಂದ ಯಾರಿಗೆ ಏನು ದಕ್ಕಿತೆಂದು ಕೇಳುವವರು ಕಡಿಮೆ. ಆದ್ದರಿಂದ ಈ ಹೊತ್ತು ಒಂದು ಕ್ಷೇತ್ರದ ಲೆಕ್ಕವನ್ನು ಮೊದಲಿನಿಂದ ನಿಮ್ಮ ಮುಂದಿಡುತ್ತೇನೆ. ಅದು ಶಿವಮೊಗ್ಗ ಜಿಲ್ಲೆಯ ಸಾಗರ.

ಲೆಕ್ಕ ಶುರುವಾಗುವುದು ಮತಪೆಟ್ಟಿಗೆಯಿಂದಲ್ಲ, ಕೊಳಗದಿಂದ. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದೇ ಧಣಿಗೂ ಗೇಣಿದಾರನಿಗೂ ಜಗಳ. ಅಂಗಡಿಯ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ನಿಮ್ಮ ತೂಕದಲ್ಲಿ ಕೊಂಚ ಕಡಿಮೆಯಾದರೆ ದಂಡ ಬೀಳುತ್ತದೆ. ಧಣಿಯ ಕೊಳಗ ಹಿಗ್ಗಿದರೆ ಕೇಳುವವರು ಯಾರು? ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘ ಕೇಳಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಮೊದಲಾಯಿತು. ಗೇಣಿದಾರರು ನೇಗಿಲು ಹಿಡಿದು ಗದ್ದೆಗಿಳಿದರು, ತಂಡ ತಂಡವಾಗಿ ಜೈಲಿಗೆ ಹೋದರು. ಸಮಾಜವಾದಿಗಳು ಜೊತೆಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಇದಾಗಿ ವರ್ಷ ತುಂಬುವುದರೊಳಗೆ 1952ರ ಮೊದಲ ಮಹಾಚುನಾವಣೆ. ಆಗ ಒಬ್ಬೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಹಿಂದೆ ಆಸ್ತಿಯಿದ್ದವನಿಗೆ, ಓದಿದವನಿಗೆ ಮಾತ್ರ ಇದ್ದ ಓಟು ಈಗ 21 ವರ್ಷ ತುಂಬಿದ ಎಲ್ಲರಿಗೂ ಬಂದಿತ್ತು. ಪಹಣಿಯಲ್ಲಿ ಹೆಸರಿಲ್ಲದವನ ಹೆಸರು ಮತದಾರರ ಪಟ್ಟಿಯಲ್ಲಿತ್ತು! ಸಾಗರ-ಹೊಸನಗರ ಕ್ಷೇತ್ರದಿಂದ ಶಾಂತವೇರಿ ಗೋಪಾಲಗೌಡರು ಗೆದ್ದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ ಬರೀ 3. ಅದರಲ್ಲಿ ಇದೂ ಒಂದು.

ಅಲ್ಲಿಗೆ ಗೆಲುವು ಮುಗಿಯಿತೆಂದುಕೊಂಡರೆ ತಪ್ಪು. ಭೂಮಿ ಕೈಗೆ ಬರಲಿಲ್ಲ. 1956ರಲ್ಲಿ ರಾಜ್ಯ ದೊಡ್ಡದಾಯಿತು, ಕ್ಷೇತ್ರಗಳ ಗಡಿ ಬದಲಾಯಿತು. 1957ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಲ್ಲಿ ನಿಂತು ಸೋತರು; 1962 ಮತ್ತು 1967ರಲ್ಲಿ ಅಲ್ಲೇ ಗೆದ್ದರು. ಸಾಗರ ಮಾತ್ರ ಕಾಂಗ್ರೆಸ್ಸಿನ ಪಾಲಾಯಿತು. ನಡುವೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಹಳ್ಳಿಗಳು ನೀರಿನಡಿಗೆ ಹೋದವು. ದೀಪ ನಾಡಿಗೆಲ್ಲ ಬಂತು. ಅಲ್ಲಿನ ಮತದಾರ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೋದ.

ಭೂಸುಧಾರಣೆಯ ಕಾನೂನು 1961ರಲ್ಲಿ ಆಯಿತು, ಜಾರಿಗೆ ಬಂದದ್ದು 1965ರಲ್ಲಿ. ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಧಣಿ ಭೂಮಿ ಬಿಡಿಸಿಕೊಳ್ಳಲು ಅದರಲ್ಲೇ ಕಿಂಡಿ ಇತ್ತು.

ಆಮೇಲೆ 1972. ರಾಜ್ಯದ 216 ಸ್ಥಾನಗಳಲ್ಲಿ 165 ಕಾಂಗ್ರೆಸ್ಸಿಗೆ. ಅಂಥ ಅಲೆಯಲ್ಲೂ ಸಾಗರದಿಂದ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸೊರಬದಿಂದ ಎಸ್. ಬಂಗಾರಪ್ಪ, ಹೀಗೆ ಮೂವರು ಸಮಾಜವಾದಿಗಳು ಗೆದ್ದು ಬಂದರು. ಆ ಜೂನ್‌ನಲ್ಲೇ ಗೋಪಾಲಗೌಡರು ತೀರಿಕೊಂಡರು. ದೇವರಾಜ ಅರಸರ ಸರ್ಕಾರ ಕಾನೂನನ್ನು ತಿದ್ದಿತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿತು. ಉಳುವವನು ಡಿಕ್ಲರೇಷನ್ ಹಾಕಿ ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯಬಹುದಾಯಿತು.

ಈಗ ಲೆಕ್ಕ ಕೂಡಿಸಿ ನೋಡಿ. ಹೆಸರು ಮತದಾರರ ಪಟ್ಟಿಗೆ ಬಂದದ್ದು 1952ರಲ್ಲಿ. ಪಹಣಿಗೆ ಬರಲು ದಾರಿಯಾದದ್ದು 1974ರಲ್ಲಿ. ನಡುವೆ 22 ವರ್ಷ! ಈ 22 ವರ್ಷವನ್ನು ದಾಟಿಸಿದ್ದು ಒಂದು ದಿನದ ಓಟಲ್ಲ. ಗದ್ದೆಯಲ್ಲಿ ಸಂಘ, ಕೋರ್ಟಿನಲ್ಲಿ ವ್ಯಾಜ್ಯ, ಸಭೆಯಲ್ಲಿ ಬಾಯಿ, ಈ ಮೂರೂ ಬೇಕಾದವು. ಕಾನೂನು ತಂದದ್ದು ಇನ್ನೊಂದು ಪಕ್ಷ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಕೆಳಗಿನಿಂದ ಒತ್ತುವವರಿದ್ದರೆ ಮೇಲೆ ಕುಳಿತವರು ಬಾಗುತ್ತಾರೆ.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ತಿಮ್ಮಪ್ಪನವರು ಕಾಂಗ್ರೆಸ್ ಸೇರಿ 1989, 1994, 1999, 2013ರಲ್ಲಿ ಗೆದ್ದರು. 2004, 2008 ಮತ್ತು 2018ರಲ್ಲಿ ಬಿ.ಜೆ.ಪಿ., 2023ರಲ್ಲಿ ಮತ್ತೆ ಕಾಂಗ್ರೆಸ್. ಬಾವುಟ ಬದಲಾಯಿತು. 2020ರಲ್ಲಿ ಅದೇ ಭೂಸುಧಾರಣೆ ಕಾನೂನನ್ನು ಸಡಿಲಿಸಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದರು. 22 ವರ್ಷ ಹಿಡಿದ ಕೆಲಸದ ಒಂದು ಕಂಬವನ್ನು ಕೀಳಲು ಒಂದು ತಿದ್ದುಪಡಿ ಸಾಕಾಯಿತು. ಕಾವಲಿಗೆ ಸಂಘ ಇಲ್ಲದಿದ್ದರೆ ಹೀಗೆಯೇ ಆಗುತ್ತದೆ.

ಗೋಪಾಲಗೌಡರು ಜನರ ಬಳಿ "ಒಂದು ಓಟು, ಒಂದು ನೋಟು" ಕೇಳುತ್ತಿದ್ದರು. ಓಟೂ ನಿಮ್ಮದು, ನೋಟೂ ನಿಮ್ಮದು. ಆಗ ಗೆದ್ದವನು ನಿಮಗೆ ಸಾಲಗಾರ. ಈಗ ನೋಟು ಆ ಕಡೆಯಿಂದ ಈ ಕಡೆಗೆ ಬರುತ್ತಿದೆ. ತೆಗೆದುಕೊಂಡವನು ಯಾವ ಬಾಯಲ್ಲಿ ಲೆಕ್ಕ ಕೇಳಿಯಾನು?

ಸಂಗಾತಿಗಳೆ, ಧಣಿಯ ಕೊಳಗ ನಮ್ಮ ಊರಲ್ಲೂ ಇದೆ. ಕೂಲಿಯ ಚೀಟಿಯಲ್ಲಿದೆ, ಗ್ರಾಚ್ಯುಟಿಯ ಬಾಕಿಯಲ್ಲಿದೆ, ಸಣ್ಣ ಅಂಗಡಿಯವನು ಕಟ್ಟುವ ಬಡ್ಡಿಯಲ್ಲಿದೆ. ಓಟು ಕೇಳಲು ಬಂದವರನ್ನು ಎರಡು ಮಾತು ಕೇಳಿ: ಕಳೆದ ಐದು ವರ್ಷದಲ್ಲಿ ನಮ್ಮ ಯಾವ ಅಳತೆಯನ್ನು ಸರಿಪಡಿಸಿದಿರಿ? ಗೆದ್ದ ಮೇಲೆ ಯಾವ ದಿನ ಇಲ್ಲಿಗೆ ಬಂದು ಲೆಕ್ಕ ಒಪ್ಪಿಸುತ್ತೀರಿ? ಉತ್ತರವನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಮತದಾನದ ಮರುದಿನ ಆ ಪುಸ್ತಕ ತೆರೆದಿರಲಿ. ಸಂಘದ ಬಾಗಿಲೂ ತೆರೆದಿರಲಿ.